ಒಂದು ರಾತ್ರಿಯ ಅತಿಥಿ ಮತ್ತು ನೆಲೆಸಲು ಬಂದ ಕುಟುಂಬ: ಧರ್ಮಗ್ರಂಥಗಳು ಏನು ಹೇಳುತ್ತವೆ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ಕೊಯ್ಲಿಗೆ ಊರಿನ ಆಳುಗಳು ಸಿಗದೆ ಕೆಲವು ವರ್ಷಗಳಿಂದ ಅಸ್ಸಾಂ ಕಡೆಯ ಕುಟುಂಬಗಳನ್ನು ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲುಮನೆಗಳಲ್ಲಿ) ಇರಿಸಿಕೊಂಡಿದ್ದೇವೆ. ಅವರಲ್ಲಿ ಎರಡು ಕುಟುಂಬಗಳು ಊರೊಳಗೆ ಬಾಡಿಗೆ ಮನೆ ಹಿಡಿದು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಲು ಮುಂದಾದಾಗ ಊರಿನವರು ಸಭೆ ಸೇರಿದರು. ಒಬ್ಬರು ‘ಅತಿಥಿದೇವೋ ಭವ’ ಎಂದರು. ಅದು ಮನೆಗೆ ಬಂದ ನೆಂಟರಿಗೆ ಹೇಳಿದ ಮಾತು, ಕರೆಯದೆ ಬಂದ ಅನ್ಯಧರ್ಮದವರಿಗಲ್ಲ ಎಂದು ಇನ್ನೊಬ್ಬರು ವಾದಿಸಿದರು. ಮತ್ತೊಬ್ಬರು, ‘ಅವರು ಬಾಂಗ್ಲಾದಿಂದ ಬಂದವರಿರಬಹುದು’ ಎಂದರು. ಈ ವಿಷಯದಲ್ಲಿ ಧರ್ಮಗಳು ನಿಜವಾಗಿ ಹೇಳುವುದೇನು? ಪ್ರಾಣಭಯದಿಂದ ಬಂದವರಿಗೂ ಕೂಲಿಗೆ ಬಂದವರಿಗೂ ಅವು ಭೇದ ಮಾಡುತ್ತವೆಯೇ? ಕಾನೂನಿನ ಮಾತು ಬಂದಾಗ ಧರ್ಮದ ಮಾತಿಗೆ ಎಷ್ಟು ಜಾಗವಿದೆ?

ಉತ್ತರ: ನಿಮ್ಮ ಸಭೆಯಲ್ಲಿ ‘ಅತಿಥಿದೇವೋ ಭವ’ ಎಂದವರೂ ಅದನ್ನು ಅಲ್ಲಗಳೆದವರೂ ಒಂದೇ ವಾಕ್ಯವನ್ನು ಹಿಡಿದುಕೊಂಡು ವಾದಿಸಿದ್ದಾರೆ. ಆ ವಾಕ್ಯ ದೊಡ್ಡದು, ಆದರೆ ನಿಮ್ಮೂರಿನ ಪ್ರಶ್ನೆಗೆ ಅದೊಂದೇ ಸಾಲದು. ಅತಿಥಿಯ ಬಗ್ಗೆ ಶಾಸ್ತ್ರಗಳು ಮಾತನಾಡುವಾಗ ಅವುಗಳ ಕಣ್ಣ ಮುಂದೆ ಇರುವವನು ಇಂದು ಬಂದು ನಾಳೆ ಹೊರಡುವ ದಾರಿಹೋಕ. ಮನುಸ್ಮೃತಿ ಅತಿಥಿಗೆ ಒಂದು ರಾತ್ರಿಯ ಲೆಕ್ಕ ಇಡುತ್ತದೆ. ಪ್ರವಾದಿ ಮುಹಮ್ಮದರ ಹದೀಸ್ (ಅವರ ನಡೆನುಡಿಗಳ ದಾಖಲೆ) ಮೂರು ದಿನಗಳ ಆತಿಥ್ಯವನ್ನು ಹೇಳಿ, ಅದರಾಚೆಗೆ ಮಾಡುವುದು ದಾನ ಎನ್ನುತ್ತದೆ. ನಿಮ್ಮ ಲೈನ್ ಮನೆಯ ಕುಟುಂಬಗಳಿಗಾದರೋ ದುಡಿಯಬೇಕು, ಬಾಡಿಗೆ ಕಟ್ಟಬೇಕು, ಮಕ್ಕಳನ್ನು ಓದಿಸಬೇಕು. ಇಂಥವರ ಕುರಿತು ಧರ್ಮಗ್ರಂಥಗಳಲ್ಲಿ ಬೇರೆಯೇ ವಾಕ್ಯಗಳಿವೆ, ಮತ್ತು ಅವು ಆತಿಥ್ಯದ ವಾಕ್ಯಗಳಿಗಿಂತ ಬಹಳ ಕಠಿಣವಾಗಿವೆ. ಎಲೆ ಹಾಕಿ ಊಟ ಬಡಿಸಿದರೆ ತೀರುವ ಋಣ ಅದಲ್ಲ; ಅವು ಆಶ್ರಯ, ಕೂಲಿ, ತೂಕ, ಸಮಾನ ನ್ಯಾಯ ಇವುಗಳ ಲೆಕ್ಕ ಕೇಳುತ್ತವೆ. ಸಭೆಯಲ್ಲಿ ಯಾರೂ ಎತ್ತದ ಆ ವಾಕ್ಯಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಉಪನಿಷತ್ತನ್ನೇ ನೋಡೋಣ. ‘ಅತಿಥಿದೇವೋ ಭವ’ ಎಂಬುದು ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸ ಮುಗಿಸಿದ ಶಿಷ್ಯನಿಗೆ ಆಚಾರ್ಯರು ಕೊಡುವ ಉಪದೇಶದಲ್ಲಿ ಬರುತ್ತದೆ. ಅದೇ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಇನ್ನೊಂದು ವಾಕ್ಯವಿದೆ, ಅದನ್ನು ಉದ್ಧರಿಸುವವರು ಕಡಿಮೆ: ‘ನ ಕಂಚನ ವಸತೌ ಪ್ರತ್ಯಾಚಕ್ಷೀತ, ತದ್ ವ್ರತಮ್.’ ಇರಲು ಜಾಗ ಕೇಳಿ ಬಂದ ಯಾರನ್ನೂ ಹಿಂದಕ್ಕೆ ಕಳುಹಿಸಬಾರದು, ಅದು ವ್ರತ. ಆದ್ದರಿಂದ ಗೃಹಸ್ಥನು ಹೇಗಾದರೂ ಹೆಚ್ಚು ಅನ್ನವನ್ನು ಸಂಪಾದಿಸಿಟ್ಟುಕೊಳ್ಳಬೇಕು, ಬಂದವನಿಗೆ ‘ಅನ್ನ ಸಿದ್ಧವಾಗಿದೆ’ ಎನ್ನುವ ಸ್ಥಿತಿಯಲ್ಲಿರಬೇಕು ಎಂದು ಅದು ಮುಂದುವರಿಯುತ್ತದೆ. ಶಂಕರಾಚಾರ್ಯರು ಇದಕ್ಕೆ ಭಾಷ್ಯ ಬರೆಯುವಾಗ, ವಾಸಕ್ಕೆ ಜಾಗ ಕೊಟ್ಟ ಮೇಲೆ ಊಟವನ್ನೂ ಕೊಡಲೇಬೇಕು ಎಂದು ಒಂದು ಮಾತು ಸೇರಿಸುತ್ತಾರೆ. ನಿಮ್ಮ ಜಿಲ್ಲೆಯ ಶೃಂಗೇರಿ ಪೀಠದ ಮೊದಲ ಆಚಾರ್ಯರೆಂದು ಪರಂಪರೆ ಹೇಳುವ ಸುರೇಶ್ವರಾಚಾರ್ಯರು ಇದೇ ಭಾಷ್ಯಕ್ಕೆ ವಾರ್ತಿಕವನ್ನು (ಪದ್ಯರೂಪದ ವಿವರಣೆಯನ್ನು) ರಚಿಸಿದರು. ಬಂದವನು ನೆಂಟನಾಗಿರಬೇಕು, ಸ್ವಜಾತಿಯವನಾಗಿರಬೇಕು ಎಂಬ ಷರತ್ತು ಆ ವಾಕ್ಯದಲ್ಲಿ ಇಲ್ಲ. ಆದ್ದರಿಂದ ನಿಮ್ಮ ಸಭೆಯ ಎರಡನೆಯವರ ವಾದಕ್ಕೆ ಉಪನಿಷತ್ತಿನ ಆಧಾರ ಸಿಗುವುದಿಲ್ಲ.

ಸ್ಮೃತಿಗಳಲ್ಲಿ ಅವರಿಗೆ ಆಧಾರ ಸಿಗುತ್ತದೆ ಎಂಬುದನ್ನೂ ಮುಚ್ಚಿಡಬಾರದು. ಮನುಸ್ಮೃತಿಯ ಮೂರನೆಯ ಅಧ್ಯಾಯ ಅತಿಥಿಪೂಜೆಯನ್ನು ಪಂಚಮಹಾಯಜ್ಞಗಳಲ್ಲಿ ಒಂದೆಂದು ಕೊಂಡಾಡುತ್ತದೆ, ಜೊತೆಗೇ ಬ್ರಾಹ್ಮಣನ ಮನೆಗೆ ಬಂದ ಉಳಿದ ವರ್ಣದವರು ಪೂರ್ಣಾರ್ಥದ ಅತಿಥಿಗಳಲ್ಲವೆಂದು ಹೇಳಿ, ವೈಶ್ಯ ಶೂದ್ರರಿಗೆ ಆಳುಗಳ ಜೊತೆ ಊಟ ಹಾಕಬೇಕೆನ್ನುತ್ತದೆ. ಬಂದವನ ಕುಲ ವಿಚಾರಿಸಿ ಮಣೆ ಹಾಕುವ ಈ ರೂಢಿಯನ್ನು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ನೇರವಾಗಿ ಪ್ರಶ್ನಿಸಿದರು. ‘ಇವನಾರವ’ ಎನ್ನಬೇಡ, ‘ಇವ ನಮ್ಮವ’ ಎನ್ನು ಎಂಬ ಅವರ ವಚನ ನಮ್ಮ ಮಕ್ಕಳಿಗೂ ಬಾಯಿಪಾಠ. ನಿಮ್ಮ ಸಂದರ್ಭಕ್ಕೆ ಇನ್ನೊಂದು ವಚನ ಹೆಚ್ಚು ಹತ್ತಿರ ಎಂದು ನನಗೆ ತೋರುತ್ತದೆ: ‘ಏನಿ ಬಂದಿರಿ, ಹದುಳವಿದ್ದಿರೆ’ ಎಂದು ಕೇಳಿದರೆ ನಿಮ್ಮ ಐಸಿರಿ ಹಾರಿಹೋಗುವುದೇ, ‘ಕುಳ್ಳಿರಿ’ ಎಂದರೆ ನೆಲ ಕುಳಿಬೀಳುವುದೇ ಎಂದು ಅದು ಮನೆಯ ಯಜಮಾನನನ್ನು ಕೇಳುತ್ತದೆ. ಕಲ್ಯಾಣಕ್ಕೆ ದೂರದಿಂದ ಬಂದು ನೆಲೆಸಿದ ಶರಣರಲ್ಲಿ ಮೋಳಿಗೆಯ ಮಾರಯ್ಯನವರೂ ಒಬ್ಬರು. ಅವರು ಕಾಶ್ಮೀರದ ಅರಸರಾಗಿದ್ದವರು, ಇಲ್ಲಿಗೆ ಬಂದು ಕಾಡಿನಿಂದ ಸೌದೆ ಹೊರೆ ಹೊತ್ತು ಮಾರಿ ಬದುಕಿದರು ಎಂದು ಪರಂಪರೆ ಹೇಳುತ್ತದೆ. ಹೊರಗಿನಿಂದ ಬಂದ ದುಡಿಮೆಗಾರನನ್ನು ಅವನ ಕಾಯಕದಿಂದ ಗುರುತಿಸಿ ತಮ್ಮವನೆಂದು ಸೇರಿಸಿಕೊಂಡ ಸಮುದಾಯ ಅದು. ಬಾಳೆಹೊನ್ನೂರಿನ ವೀರಶೈವ ಮಠವನ್ನು ಕಂಡು ಬೆಳೆದ ನಿಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಿಮ್ಮ ಸಭೆಯ ಮೂರನೆಯವರು ಎತ್ತಿದ್ದು ಅನುಮಾನದ ಮಾತು. ಅದನ್ನು ತಳ್ಳಿಹಾಕದೆ ಎದುರಿಸಬೇಕು, ಏಕೆಂದರೆ ರಾಮಾಯಣವೇ ಅದನ್ನು ಎದುರಿಸಿದೆ. ಯುದ್ಧಕಾಂಡದಲ್ಲಿ ವಿಭೀಷಣ ನಾಲ್ವರು ಸಂಗಡಿಗರೊಂದಿಗೆ ಸಮುದ್ರ ದಾಟಿ ಬಂದು ಆಶ್ರಯ ಕೇಳಿದಾಗ ವಾನರಸೇನೆಯಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ. ಶತ್ರುವಿನ ತಮ್ಮ, ರಾಕ್ಷಸ, ಗೂಢಚಾರನಾಗಿ ಬಂದಿರಬಹುದು, ರಾತ್ರಿ ಮಲಗಿದಾಗ ಕೊಂದುಹಾಕಬಹುದು ಎಂದು ಸುಗ್ರೀವ ಎಚ್ಚರಿಸುತ್ತಾನೆ. ಅಂಗದ ಪರೀಕ್ಷಿಸಿ ನೋಡೋಣ ಎನ್ನುತ್ತಾನೆ, ಜಾಂಬವಂತ ಶಂಕೆ ವ್ಯಕ್ತಪಡಿಸುತ್ತಾನೆ. ಹನುಮಂತ ಮಾತ್ರ ಬಂದವನ ಮುಖದಲ್ಲಿ, ಮಾತಿನಲ್ಲಿ ಕೇಡು ಕಾಣುವುದಿಲ್ಲವೆಂದು ಹೇಳಿ ಸೇರಿಸಿಕೊಳ್ಳುವುದು ಸರಿಯೆಂದು ವಾದಿಸುತ್ತಾನೆ. ರಾಮ ಎಲ್ಲರ ಮಾತನ್ನೂ ಕೇಳುತ್ತಾನೆ, ಸುಗ್ರೀವನ ಭಯವನ್ನು ಹೀಗಳೆಯುವುದಿಲ್ಲ. ತನ್ನ ಹೆಣ್ಣುಹಕ್ಕಿಯನ್ನು ಹಿಡಿದ ಬೇಡನೇ ಶರಣು ಬಂದಾಗ ಅವನಿಗೆ ತನ್ನ ಮಾಂಸವನ್ನೇ ಕೊಟ್ಟ ಪಾರಿವಾಳದ ಕಥೆಯನ್ನು ನೆನಪಿಸಿ, ಕಂಡು ಮಹರ್ಷಿಯ ಮಾತನ್ನು ಉದ್ಧರಿಸಿ, ಕೊನೆಗೆ ತನ್ನ ನಿರ್ಧಾರ ಹೇಳುತ್ತಾನೆ: ‘ಸಕೃದೇವ ಪ್ರಪನ್ನಾಯ ತವಾಸ್ಮೀತಿ ಚ ಯಾಚತೇ, ಅಭಯಂ ಸರ್ವಭೂತೇಭ್ಯೋ ದದಾಮ್ಯೇತದ್ ವ್ರತಂ ಮಮ.’ ಒಮ್ಮೆ ಶರಣು ಬಂದು ‘ನಿನ್ನವನು’ ಎಂದು ಬೇಡಿದವನಿಗೆ, ಅದು ಯಾವ ಜೀವಿಯೇ ಆಗಿರಲಿ, ಅಭಯ ಕೊಡುತ್ತೇನೆ, ಇದು ನನ್ನ ವ್ರತ. ಬಂದವನು ವಿಭೀಷಣನಲ್ಲ, ಸ್ವತಃ ರಾವಣನೇ ಆಗಿದ್ದರೂ ಕರೆದುಕೊಂಡು ಬಾ ಎಂದು ಸುಗ್ರೀವನಿಗೆ ಹೇಳುತ್ತಾನೆ. ಉಪನಿಷತ್ತಿನ ಗೃಹಸ್ಥನಿಗೂ ರಾಮಾಯಣದ ರಾಜನಿಗೂ ಇದು ವ್ರತವಾಗಿಯೇ ಬಂದಿದೆ. ವ್ರತವೆಂದರೆ ಅನುಕೂಲವಿದ್ದಾಗ ಮಾಡಿ, ಇಲ್ಲದಿದ್ದಾಗ ಬಿಡುವ ಔದಾರ್ಯವಲ್ಲ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ.

ಇದೆಲ್ಲ ಪುರಾಣವಾಯಿತು ಎನ್ನುವವರು ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಂದ್ರಗಿರಿಯನ್ನು ಹತ್ತಬೇಕು. ಅಲ್ಲಿನ ಸುಮಾರು ಕ್ರಿ.ಶ. 600ರ ಶಾಸನವೊಂದು, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆ ಎಂದು ಭದ್ರಬಾಹು ಮುನಿಗಳು ಹೇಳಿದ್ದರಿಂದ ಇಡೀ ಸಂಘ ಉತ್ತರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟ ವಿಷಯವನ್ನು ದಾಖಲಿಸುತ್ತದೆ. ಅವರು ತಲುಪಿದ್ದು ನೂರಾರು ಹಳ್ಳಿಗಳ, ಸಂತೋಷದಿಂದಿದ್ದ ಜನರ, ಧನಧಾನ್ಯಗಳ, ಹಸು ಎಮ್ಮೆ ಆಡು ಕುರಿಗಳಿಂದ ತುಂಬಿದ ನಾಡನ್ನು ಎಂದು ಶಾಸನ ವರ್ಣಿಸುತ್ತದೆ. ಚಂದ್ರಗುಪ್ತ ಮೌರ್ಯನೂ ಅವರೊಂದಿಗೆ ಬಂದನೆಂಬುದು ಜೈನ ಪರಂಪರೆಯ ನಂಬಿಕೆ. ಅಂದರೆ ನಾವು ತೀರ್ಥವೆಂದು ಕೈಮುಗಿಯುವ ಆ ಬೆಟ್ಟದ ಚರಿತ್ರೆ ಬರಗಾಲಕ್ಕೆ ಊರು ಬಿಟ್ಟು ಬಂದವರಿಂದ ಆರಂಭವಾಗುತ್ತದೆ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವೂ ಒಂದು. ಹೆದರಿದವನಿಗೆ ಹೆದರಿಕೆ ಇಲ್ಲದಂತೆ ಮಾಡುವುದನ್ನು ಅವರು ಅನ್ನದಾನದ ಸಾಲಿನಲ್ಲೇ ಇಟ್ಟರು.

ಮುಂದೆ, ಚೋಳ ಅರಸನ ಕಿರುಕುಳಕ್ಕೆ ತಮ್ಮ ನಾಡು ಬಿಟ್ಟ ರಾಮಾನುಜಾಚಾರ್ಯರಿಗೆ ಹೊಯ್ಸಳರ ನಾಡು ಆಶ್ರಯ ಕೊಟ್ಟಿತೆಂದು ಶ್ರೀವೈಷ್ಣವ ಪರಂಪರೆ ನೆನೆಯುತ್ತದೆ. ಆಗಿನ ಅರಸ, 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನ. ಮತ್ತೆರಡೂವರೆ ಶತಮಾನ ಕಳೆಯುವಷ್ಟರಲ್ಲಿ ಶ್ರೀವೈಷ್ಣವರು ಇಲ್ಲಿ ಪ್ರಬಲರಾಗಿದ್ದರು, ಅವರಿಂದ ತೊಂದರೆಯಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. 1368ರ ಶ್ರವಣಬೆಳಗೊಳದ ಶಾಸನದ ಪ್ರಕಾರ ಅರಸನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರನ್ನು ಕಾಯುವ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದನು. ಒಂದು ಕಾಲದಲ್ಲಿ ಆಶ್ರಯ ಬೇಡಿ ಬಂದ ಎರಡು ಸಮುದಾಯಗಳಲ್ಲಿ ಒಂದು ಬಲವಾಗಿ, ಇನ್ನೊಂದು ಮತ್ತೆ ರಕ್ಷಣೆ ಕೇಳುವ ಸ್ಥಿತಿಗೆ ಬಂದಿತ್ತು. ಊರಿನ ಮೂಲದವರು ಯಾರು, ಬಂದವರು ಯಾರು ಎಂಬ ವಾದ ಮಾಡುವಾಗ ಈ ಶಾಸನವನ್ನು ಮರೆಯಬಾರದು.

ಈಗ ಕೂಲಿಯ ಮಾತಿಗೆ ಬರುತ್ತೇನೆ. ಇದರಲ್ಲಿ ಬೈಬಲ್ಲಿನಷ್ಟು ಬಿಡಿಸಿ ಹೇಳಿದ ಗ್ರಂಥ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೆಯ ಅಧ್ಯಾಯ, ನಿಮ್ಮ ನಡುವೆ ವಾಸಿಸುವ ಪರದೇಶಿಗೆ ಅನ್ಯಾಯ ಮಾಡಬಾರದು, ಅವನನ್ನು ನಿಮ್ಮಲ್ಲಿ ಹುಟ್ಟಿದವನಂತೆಯೇ ಕಾಣಬೇಕು, ನೀವೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪರದೇಶಿಗಳಾಗಿದ್ದಿರಲ್ಲವೇ ಎನ್ನುತ್ತದೆ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದರ ಮರುವಾಕ್ಯದಲ್ಲೇ ತಕ್ಕಡಿಯ ಮಾತು ಬರುತ್ತದೆ: ನಿಮ್ಮ ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ಎಲ್ಲವೂ ನ್ಯಾಯವಾಗಿರಬೇಕು. ಪರದೇಶಿಯನ್ನು ಪ್ರೀತಿಸು ಎಂದ ಉಸಿರಿನಲ್ಲೇ ತೂಕದ ಮಾತು ಏಕೆ ಬಂತೆಂದು ಕಾಫಿ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಜೆ ಕಣದ ಬಳಿ ಹಣ್ಣಿನ ಚೀಲ ತೂಗುವಾಗ ಕೆ.ಜಿ. ಲೆಕ್ಕದಲ್ಲಿ ಕೊಯ್ದ ಹೆಂಗಸು ತಕ್ಕಡಿಯ ಮುಳ್ಳನ್ನು ನೋಡುತ್ತ ನಿಂತಿರುತ್ತಾಳೆ. ಚೀಲದ್ದು, ಮಂಜಿನ ನೀರಿನದು, ಹಸಿರು ಕಾಯಿಯದು ಎಂದು ತೋಟದ ಲೆಕ್ಕ ಬರೆಯುವ ರೈಟರು ಎಷ್ಟು ಕಳೆದು ಬರೆದರೂ ಅದನ್ನು ಓದಲು ಅವಳಿಗೆ ಕನ್ನಡ ಬಾರದು, ಕೇಳಲು ಧೈರ್ಯವಿಲ್ಲ. ಭಾಷೆ ಬಾರದವನಿಗೆ ಮೊದಲು ಮೋಸವಾಗುವುದು ತೂಕದಲ್ಲಿ ಎಂಬುದನ್ನು ಆ ಗ್ರಂಥ ಬರೆದವರು ಬಲ್ಲವರಾಗಿದ್ದರು.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ. ಬಡ ಕೂಲಿಯವನು ನಿನ್ನ ಸಹೋದರನಾಗಿರಲಿ, ಪರದೇಶಿಯಾಗಿರಲಿ, ಆ ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕು. ಹೊಲದಲ್ಲಿ ಮರೆತ ಸಿವುಡನ್ನು ತರಲು ಹಿಂತಿರುಗಬಾರದು. ಎಣ್ಣೇಮರವನ್ನು (ಆಲಿವ್ ಮರವನ್ನು) ಒಮ್ಮೆ ಬಡಿದ ಮೇಲೆ ಕೊಂಬೆಗಳನ್ನು ಮತ್ತೆ ಜಾಲಾಡಬಾರದು. ಉಳಿದದ್ದು ಪರದೇಶಿ, ಅನಾಥ, ವಿಧವೆಯರಿಗೆ ಸೇರಿದ್ದು. ಹಾಗೆ ಹಕ್ಕಲಾಯಲು ಬೇರೆಯವರ ಹೊಲಕ್ಕೆ ಬಂದ ರೂತಳು ಮೋವಾಬ್ ದೇಶದ ವಿಧವೆ, ಮುಂದೆ ದಾವೀದ ಅರಸನ ಮುತ್ತಜ್ಜಿಯಾದವಳು. ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆನ್ನುವ ವಾಕ್ಯವೂ ಅದೇ ಧರ್ಮೋಪದೇಶಕಾಂಡದಲ್ಲಿದೆ, ಎಜ್ರನ ಕಾಲದಲ್ಲಿ ಅನ್ಯದೇಶದ ಹೆಂಡತಿಯರನ್ನು ಕಳುಹಿಸಿಬಿಟ್ಟ ಪ್ರಸಂಗವೂ ಬೈಬಲ್ಲಿನಲ್ಲಿದೆ. ಗ್ರಂಥದೊಳಗೇ ಎರಡು ದನಿಗಳಿವೆ. ಕ್ರೈಸ್ತರಿಗೆ ಆ ವಾದವನ್ನು ತೀರ್ಮಾನಿಸುವುದು ಮತ್ತಾಯನ ಸುವಾರ್ತೆ. ಹೆರೋದನ ಭಯಕ್ಕೆ ಶಿಶುವಾದ ಯೇಸುವನ್ನು ಎತ್ತಿಕೊಂಡು ಐಗುಪ್ತಕ್ಕೆ ಓಡಿದ ಕುಟುಂಬದ ಕಥೆ ಅದರ ಎರಡನೆಯ ಅಧ್ಯಾಯದಲ್ಲೇ ಬರುತ್ತದೆ, ಅದರ 25ನೆಯ ಅಧ್ಯಾಯದಲ್ಲಿ ‘ನಾನು ಪರದೇಶಿಯಾಗಿದ್ದೆ, ನನ್ನನ್ನು ಸೇರಿಸಿಕೊಂಡಿರಿ’ ಎಂದು ಕ್ರಿಸ್ತನೇ ಅಂತ್ಯತೀರ್ಪಿನ ದಿನ ಹೇಳುತ್ತಾನೆ.

ಇಸ್ಲಾಮಿನ ಕಾಲಗಣನೆ ಶುರುವಾಗುವುದೇ 622ರ ಹಿಜ್ರತ್‌ನಿಂದ, ಅಂದರೆ ಮಕ್ಕಾದಿಂದ ಮದೀನಾಕ್ಕೆ ಹೋದ ವಲಸೆಯಿಂದ. ಅದಕ್ಕೂ ಮೊದಲು ಕಿರುಕುಳಕ್ಕೊಳಗಾದ ಮುಸ್ಲಿಮರ ಗುಂಪೊಂದು ಸಮುದ್ರ ದಾಟಿ ಅಬಿಸೀನಿಯಾಕ್ಕೆ (ಇಂದಿನ ಇಥಿಯೋಪಿಯಾದ ಕಡೆಗೆ) ಹೋಗಿತ್ತು. ಅವರನ್ನು ಮರಳಿ ಒಪ್ಪಿಸಿರೆಂದು ಮಕ್ಕಾದ ಕುರೈಷರು ಉಡುಗೊರೆಗಳ ಸಮೇತ ದೂತರನ್ನು ಕಳುಹಿಸಿದಾಗ, ಅಲ್ಲಿನ ಕ್ರೈಸ್ತ ದೊರೆ ನಜಾಶಿ ಬಂದವರ ಮಾತನ್ನೂ ಕೇಳಬೇಕೆಂದ. ಜಾಫರ್ ಎಂಬುವರು ಮರಿಯಮಳ ಕುರಿತ ಕುರಾನ್ ಸೂಕ್ತಗಳನ್ನು ಓದಿದರು. ದೊರೆ ಉಡುಗೊರೆಗಳನ್ನು ಹಿಂದಿರುಗಿಸಿ, ಬಂದವರನ್ನು ಬಿಟ್ಟುಕೊಡಲು ನಿರಾಕರಿಸಿದ. ಮದೀನಾದಲ್ಲಿ ಪ್ರವಾದಿಗಳು ವಲಸೆ ಬಂದ ಮುಹಾಜಿರರನ್ನೂ ಸ್ಥಳೀಯ ಅನ್ಸಾರರನ್ನೂ ಜೋಡಿ ಜೋಡಿಯಾಗಿ ಸಹೋದರರನ್ನಾಗಿ ಮಾಡಿದರು. ತನ್ನ ಆಸ್ತಿಯಲ್ಲಿ ಅರ್ಧ ಕೊಡುತ್ತೇನೆಂದ ಸಅದ್ ಎಂಬ ಅನ್ಸಾರಿಗೆ ಅಬ್ದುರ್ರಹ್ಮಾನ್ ಬಿನ್ ಔಫ್ ಕೊಟ್ಟ ಉತ್ತರವನ್ನು ಬುಖಾರಿಯ ಹದೀಸ್ ಸಂಗ್ರಹ ಉಳಿಸಿದೆ: ದೇವರು ನಿನ್ನ ಕುಟುಂಬಕ್ಕೂ ಸಂಪತ್ತಿಗೂ ಒಳ್ಳೆಯದು ಮಾಡಲಿ, ನನಗೆ ಸಂತೆಯ ದಾರಿ ತೋರಿಸು. ಆತ ಅಲ್ಲಿ ವ್ಯಾಪಾರ ಮಾಡಿ ಗಿಣ್ಣು ತುಪ್ಪ ಸಂಪಾದಿಸಿ ತಂದ. ಬಂದವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ಕೂಲಿಯವನ ಬೆವರು ಆರುವ ಮೊದಲೇ ಅವನ ಕೂಲಿ ಕೊಡಿರೆಂಬ ಹದೀಸೂ ಮೇಲೆ ಹೇಳಿದ ಬೈಬಲ್ ವಾಕ್ಯವೂ ಒಂದೇ ಮಾತನ್ನು ಹೇಳುತ್ತವೆ. ಕುರಾನಿನ ಒಂಬತ್ತನೆಯ ಅಧ್ಯಾಯವಂತೂ, ಬಹುದೇವಾರಾಧಕನೊಬ್ಬ ರಕ್ಷಣೆ ಕೇಳಿದರೆ ಕೊಡು, ದೇವರ ವಾಕ್ಯವನ್ನು ಕೇಳಲಿ, ಬಳಿಕ ಅವನನ್ನು ಸುರಕ್ಷಿತ ಸ್ಥಳಕ್ಕೆ ತಲುಪಿಸು ಎನ್ನುತ್ತದೆ. ಅನ್ಯಧರ್ಮದವನೆಂಬ ಕಾರಣಕ್ಕೆ ಆಶ್ರಯ ನಿರಾಕರಿಸಲು ಅಲ್ಲಿಯೂ ಅವಕಾಶವಿಲ್ಲ.

ಬೌದ್ಧರ ವಿಷಯದಲ್ಲಿ ನಮಗೆ ಗ್ರಂಥಕ್ಕಿಂತ ಹತ್ತಿರದ ಸಾಕ್ಷಿಯಿದೆ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟಿಯನ್ನರಿಗೆ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು; ಹಾಸನದಿಂದ ಅರ್ಧ ದಿನದಲ್ಲಿ ಹೋಗಿ ನೋಡಿ ಬರಬಹುದು. ಪರ್ಷಿಯಾದಿಂದ ಗುಜರಾತಿನ ಸಂಜಾಣಕ್ಕೆ ಬಂದಿಳಿದ ಪಾರ್ಸಿಗಳಿಗೆ ಅಲ್ಲಿನ ಅರಸ ನಾಡಿನ ಭಾಷೆ ಆಡಬೇಕು, ಆಯುಧ ಕೆಳಗಿಡಬೇಕು ಎಂಬ ಷರತ್ತುಗಳನ್ನು ಹಾಕಿದನೆಂದು ಅವರ ಪರಂಪರೆಯೇ ಹೇಳುತ್ತದೆ. ಬಂದವರಿಗೂ ಕರ್ತವ್ಯಗಳಿವೆ ಎಂದು ನಿಮ್ಮೂರಿನವರು ಹೇಳಿದರೆ ಅದರಲ್ಲಿ ತಪ್ಪೇನಿಲ್ಲ. ಮಕ್ಕಳನ್ನು ಕನ್ನಡ ಶಾಲೆಗೆ ಸೇರಿಸಲು ಬಂದವರು ಆ ಕರ್ತವ್ಯವನ್ನು ತಾವಾಗಿಯೇ ಪಾಲಿಸುತ್ತಿದ್ದಾರೆ ಎಂಬುದನ್ನು ಸಭೆ ಗಮನಿಸಬೇಕಿತ್ತು.

ಪ್ರಾಣಭಯದಿಂದ ಬಂದವರಿಗೂ ಹೊಟ್ಟೆಪಾಡಿಗೆ ಬಂದವರಿಗೂ ಧರ್ಮಗಳು ಭೇದ ಮಾಡುತ್ತವೆಯೇ ಎಂದು ಕೇಳಿದ್ದೀರಿ. ಮಾಡುತ್ತವೆ, ಆದರೆ ನಾವು ಅಂದುಕೊಂಡ ರೀತಿಯಲ್ಲಲ್ಲ. ಪ್ರಾಣಭಯದವನಿಗೆ ಅಭಯ ಮೊದಲು; ಅವನನ್ನು ಅಟ್ಟಿ ಬಂದವರ ಕೈಗೆ ಒಪ್ಪಿಸಬಾರದು. ಹೊಟ್ಟೆಪಾಡಿಗೆ ಬಂದವನಿಗೆ ನ್ಯಾಯವಾದ ಕೂಲಿ ಮೊದಲು. ಅವನ ನಿರ್ಗತಿಕ ಸ್ಥಿತಿಯನ್ನು ಲಾಭಕ್ಕೆ ಬಳಸಿಕೊಳ್ಳಬಾರದು. ಯಾವುದು ಮೊದಲು ಎಂಬುದರಲ್ಲಿ ಮಾತ್ರ ವ್ಯತ್ಯಾಸ, ಎರಡನೆಯವನ ಹಕ್ಕು ಕಡಿಮೆಯದು ಎಂದು ನಾನು ಓದಿದ ಯಾವ ಪರಂಪರೆಯೂ ಹೇಳುವುದಿಲ್ಲ. ಶ್ರವಣಬೆಳಗೊಳದ ಸಂಘವನ್ನು ಯಾವ ಶತ್ರುವೂ ಅಟ್ಟಿರಲಿಲ್ಲ, ಅಟ್ಟಿದ್ದು ಹಸಿವು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೂ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿಗೂ ಮನೆ ಹೊಲ ಬಿಟ್ಟುಕೊಟ್ಟು ಬೇರೆ ಊರುಗಳಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿವೆ. ಹೊಸ ಊರಿನಲ್ಲಿ ಮೊದಲ ವರ್ಷ ಹೇಗಿತ್ತೆಂದು ಆ ಮನೆಗಳ ಹಿರಿಯರನ್ನು ನಿಮ್ಮ ಸಭೆಗೆ ಕರೆದು ಕೇಳಿ. ಐಗುಪ್ತದ ನೆನಪನ್ನು ಬೈಬಲ್ ಮತ್ತೆ ಮತ್ತೆ ಎತ್ತುವುದು ಏಕೆಂದು ಆಗ ತಿಳಿಯುತ್ತದೆ.

ಇನ್ನು ಕಾನೂನು. ಅಸ್ಸಾಮಿನ ಭಾರತೀಯ ಪೌರನೊಬ್ಬ ಮೂಡಿಗೆರೆಯಲ್ಲಿ ಬಂದು ನೆಲೆಸಲು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ವಾಸಿಸುವ ಹಕ್ಕನ್ನು ಅವನಿಗೆ ಕೊಟ್ಟಿದೆ. ಬಂಗಾಳಿ ಮಾತನಾಡುವುದು ಪರದೇಶಿಯೆಂಬುದಕ್ಕೆ ಪುರಾವೆಯಲ್ಲ, ಅಸ್ಸಾಮಿನಲ್ಲೂ ಪಶ್ಚಿಮ ಬಂಗಾಳದಲ್ಲೂ ತ್ರಿಪುರದಲ್ಲೂ ಕೋಟ್ಯಂತರ ಭಾರತೀಯರ ಮನೆಮಾತು ಅದು. ವಿದೇಶೀಯರ ವಿಷಯದಲ್ಲಿ, ಭಾರತವು 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ ಯಾರಿಗೆ ಆಶ್ರಯ ಎಂಬುದನ್ನು ಸರ್ಕಾರವೇ ತೀರ್ಮಾನಿಸುತ್ತದೆ. ಆ ಅಧಿಕಾರ ಸರ್ಕಾರದ್ದು, ಊರಿನ ಸಭೆಯದ್ದಲ್ಲ. ಅಧಿಕಾರಿಗಳು ವಿವರ ಕೇಳಿದರೆ ಕೊಡಬೇಕು, ಕೆಲಸಗಾರರ ಹೆಸರು ವಿಳಾಸಗಳ ಪುಸ್ತಕ ಇಡಬೇಕು, ಆದರೆ ಅವರ ಆಧಾರ್ ಕಾರ್ಡನ್ನು ಮೇಸ್ತ್ರಿ ತನ್ನ ಬಳಿ ಹಿಡಿದಿಟ್ಟುಕೊಳ್ಳಲು ಬಿಡಬಾರದು. ಅರುಣಾಚಲ ಪ್ರದೇಶದಲ್ಲಿ, ಈಗಿನ ಬಾಂಗ್ಲಾದೇಶದ ಕಡೆಯಿಂದ ನಿರಾಶ್ರಿತರಾಗಿ ಬಂದಿದ್ದ ಚಕ್ಮಾ ಜನರನ್ನು ಊರು ಬಿಡಿರೆಂದು ಕೆಲವರು ಬೆದರಿಸಿದಾಗ ಸುಪ್ರೀಂ ಕೋರ್ಟ್ 1996ರಲ್ಲಿ, ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಪೌರರಿಗೆ ಮಾತ್ರವಲ್ಲದೆ ಈ ನೆಲದ ಮೇಲಿರುವ ಪ್ರತಿಯೊಬ್ಬ ವ್ಯಕ್ತಿಗೂ ಸೇರಿದ್ದೆಂದು ಹೇಳಿ, ಅವರನ್ನು ಬಲವಂತದಿಂದ ಹೊರಹಾಕುವುದನ್ನು ತಡೆಯಬೇಕೆಂದು ಆ ರಾಜ್ಯಕ್ಕೆ ಆದೇಶಿಸಿತು. ರಾಜನ ದಂಡನೀತಿ ಬೇರೆ, ಗೃಹಸ್ಥನ ವ್ರತ ಬೇರೆ ಎಂಬ ವಿವೇಕ ನಮ್ಮ ಪರಂಪರೆಯಲ್ಲಿಯೂ ಇತ್ತು. ಗೃಹಸ್ಥನು ದಂಡವನ್ನು ತನ್ನ ಕೈಗೆ ತೆಗೆದುಕೊಂಡರೆ ಅವನ ವ್ರತವೂ ಕೆಡುತ್ತದೆ, ರಾಜನ ನೀತಿಯೂ ಕೆಡುತ್ತದೆ.

ಮಕ್ಕಳ ಶಾಲೆಯ ವಿಷಯವನ್ನು ಸಭೆಯ ತೀರ್ಮಾನಕ್ಕೆ ಕಾಯಿಸಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದೂ ನಿರಾಕರಿಸುವಂತಿಲ್ಲ. ಆ ಎರಡು ಕುಟುಂಬಗಳ ತಂದೆತಾಯಿಯರಿಗೆ ಅರ್ಜಿ ತುಂಬಲು ಕನ್ನಡ ಬಾರದಿರಬಹುದು. ನೀವೇ ಜೊತೆಗೆ ಹೋಗಿ ಮುಖ್ಯೋಪಾಧ್ಯಾಯರ ಬಳಿ ಅರ್ಜಿ ಬರೆಸಿಕೊಡಿ.